ಕಾರಿನ ಸ್ಟೀರಿಯೋ ಕಿವಿಗೆ ಚುಚ್ಚುತ್ತಿದೆಯಾ? ಟ್ವೀಟರ್ ಬದಲಿಸುವ ಮೊದಲು ಒಂದು ಟವೆಲ್ ಹುಡುಕಿ

ಹೊಸ ಸ್ಪೀಕರ್ ಹಾಕಿಸಿದ ಮೊದಲ ಶನಿವಾರವೇ ಊರಿಗೆ ಹೊರಟಿದ್ದೆವು. ಬೆಂಗಳೂರಿನಿಂದ ಪುತ್ತೂರು. ನೆಲಮಂಗಲ ದಾಟುವವರೆಗೆ ನನಗೆ ಖುಷಿಯೋ ಖುಷಿ. ಮಾತು ಸ್ಪಷ್ಟ, ತಾಳ ಸ್ಪಷ್ಟ, ಹಾಡುವವರು ಉಸಿರೆಳೆದುಕೊಳ್ಳುವುದೂ ಕೇಳಿಸುತ್ತಿತ್ತು. ಕುಣಿಗಲ್ ಹೊತ್ತಿಗೆ ನನಗೇ ಗೊತ್ತಿಲ್ಲದ ಹಾಗೆ ವಾಲ್ಯೂಮ್ ನಾಲ್ಕು ಪಾಯಿಂಟ್ ಇಳಿಸಿದ್ದೆ. ಚನ್ನರಾಯಪಟ್ಟಣದಲ್ಲಿ ಕಾಫಿಗೆ ನಿಲ್ಲಿಸಿದಾಗ ಹಣೆಯ ಎರಡೂ ಕಡೆ ಬಿಗಿದ ಹಾಗಿತ್ತು. ಮತ್ತೆ ಹತ್ತಿ ಕೂತಾಗ ಹಿಂದಿನ ಸೀಟಿನಿಂದ ಅಮ್ಮ, "ಯಾರೋ ಕಿವಿ ಹತ್ತಿರ ತಗಡು ಕೆರೆದ ಹಾಗುತ್ತೆ ಮಾರಾಯ, ಅದನ್ನೊಮ್ಮೆ ಬಂದ್ ಮಾಡು" ಎಂದರು.

ಸೋಮವಾರ ಅಂಗಡಿಗೆ ಫೋನ್ ಮಾಡಿದೆ. "ಹೊಸದಲ್ವಾ ಸಾರ್, ಇನ್ನೊಂದು ಇಪ್ಪತ್ತು ಗಂಟೆ ಓಡ್ಲಿ, ಮೆತ್ತಗಾಗುತ್ತೆ" ಎಂದರು. ಇದು ಅರ್ಧ ನಿಜ. ಹೊಸ ಸ್ಪೀಕರ್‌ನ ದೊಡ್ಡ ಕೋನ್ ಓಡಿದ ಹಾಗೆ ಸ್ವಲ್ಪ ಸಡಿಲವಾಗುತ್ತದೆ, ಬೇಸ್‌ನಲ್ಲಿ ಚೂರು ವ್ಯತ್ಯಾಸ ಬರುತ್ತದೆ. ಆದರೆ ಕಿವಿಗೆ ಚುಚ್ಚುವ ಸೆಟ್ ಇಪ್ಪತ್ತು ಗಂಟೆಗೆ ಮೆತ್ತಗಾಗುವುದಿಲ್ಲ. ನಮ್ಮ ಕಿವಿ ಅದಕ್ಕೆ ಒಗ್ಗಿಕೊಳ್ಳುತ್ತದೆ ಅಷ್ಟೇ. ನಾನು ಕಾಯಲಿಲ್ಲ. ಎರಡು ಭಾನುವಾರ ಕೂತು ಒಂದೊಂದನ್ನೇ ಕಳೆಯುತ್ತಾ ಹೋದೆ. ನನ್ನ ಕಾರಿನಲ್ಲಿ ಸಿಕ್ಕಿದ್ದು ಒಂದಲ್ಲ, ಮೂರು ತಪ್ಪು. ಮೂರಕ್ಕೂ ಸೇರಿ ಒಂದು ರೂಪಾಯಿಯ ಹೊಸ ಸಾಮಾನು ಬೇಕಾಗಲಿಲ್ಲ.

ಯಾವಾಗ ಚುಚ್ಚುತ್ತದೆ?

"ಸೌಂಡ್ ಸರಿ ಇಲ್ಲ" ಎಂದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಮೊದಲು ಇಷ್ಟು ನೋಡಿಕೊಳ್ಳಿ. ಮೆಲ್ಲಗೆ ಇಟ್ಟಾಗಲೂ "ಸ", "ಶ", "ಚ" ಅಕ್ಷರಗಳು ಸೂಜಿಯ ಹಾಗೆ ಬರುತ್ತವೆಯಾ? ಹಾಗಿದ್ದರೆ ತಪ್ಪು ಟ್ವೀಟರ್ (ತೀಕ್ಷ್ಣ ದನಿಗಳನ್ನು ಹಾಡುವ ಪುಟ್ಟ ಸ್ಪೀಕರ್), ವೈರಿಂಗ್, ಈಕ್ವಲೈಜರ್ (ದನಿಯ ಒಂದೊಂದು ಪಟ್ಟಿಯನ್ನು ಏರಿಸಿ ಇಳಿಸುವ ಸೆಟ್ಟಿಂಗ್) ಅಥವಾ ಹಾಡಿನ ಫೈಲ್‌ನಲ್ಲಿದೆ. ಮೆಲ್ಲಗಿದ್ದಾಗ ಹಿತವಾಗಿದ್ದು, ಜೋರು ಮಾಡಿದ ಕೂಡಲೇ ಒರಟಾಗುತ್ತದೆಯಾ? ಅಂದರೆ ಸ್ಪೀಕರ್‌ಗೆ ಶಕ್ತಿ ಕೊಡುವ ಆಂಪ್ಲಿಫೈಯರ್ ಕೈಲಾಗದ ಕೆಲಸ ಮಾಡುತ್ತಿದೆ. ಎರಡೂ ಅಲ್ಲ, ಒಂದು ಗಂಟೆ ಕೇಳಿದ ಮೇಲೆ ಸುಮ್ನೆ ತಲೆ ಭಾರ ಅನ್ನುತ್ತೀರಾ? ಅದು ಸಣ್ಣ ಪ್ರಮಾಣದ ಮೊದಲನೆಯ ತರಹದ್ದೇ, ಹುಡುಕಲು ತಾಳ್ಮೆ ಜಾಸ್ತಿ ಬೇಕು.

ಕಿವಿಯ ಬಗ್ಗೆ ಒಂದು ಮಾತು. ನಮ್ಮ ಕಿವಿಯ ನಾಳ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ. ಒಂದು ಕಡೆ ಮುಚ್ಚಿದ ಕೊಳವೆ ಅದು. ಹಾಗಾಗಿ 3 ಕಿಲೋಹರ್ಟ್ಜ್ (ಸೆಕೆಂಡಿಗೆ ಮೂರು ಸಾವಿರ ಕಂಪನ) ಆಸುಪಾಸಿನ ದನಿಯನ್ನು ಅದು ತಾನೇ ಎತ್ತಿ ಕೊಡುತ್ತದೆ. ಎಳೆಗೂಸಿನ ಅಳು, ಸ್ಟೀಲ್ ತಟ್ಟೆಗೆ ಚಮಚ ಕೆರೆದ ಸದ್ದು ನಮ್ಮನ್ನು ಬೆಚ್ಚಿಬೀಳಿಸುವುದರ ಹಿಂದೆ ಇದೂ ಇದೆ. 2ರಿಂದ 5 ಕಿಲೋಹರ್ಟ್ಜ್ ನಡುವೆ ಮೂರು ಡೆಸಿಬೆಲ್ ಜಾಸ್ತಿಯಾದರೆ ಕಿವಿಗೆ ತಕ್ಷಣ ಗೊತ್ತಾಗುತ್ತದೆ. ಅದೇ ಮೂರು ಡೆಸಿಬೆಲ್ 60 ಹರ್ಟ್ಜ್‌ನಲ್ಲಿ ಬಂದರೆ "ಬೇಸ್ ಚೆನ್ನಾಗಿದೆ" ಎಂದು ತಲೆದೂಗುತ್ತೇವೆ.

ಮೂಲವೇ ಕೆಟ್ಟಿದ್ದರೆ

ಇದನ್ನು ಬೇಗ ಮುಗಿಸಿಬಿಡೋಣ. ಸೆಟ್‌ನ (ಡ್ಯಾಶ್‌ಬೋರ್ಡಿನ ಸ್ಟೀರಿಯೋದ) ಈಕ್ವಲೈಜರ್ ಪೂರ್ತಿ ಫ್ಲಾಟ್ ಮಾಡಿ, ಅಂದರೆ ಎಲ್ಲ ಪಟ್ಟಿಯೂ ಸೊನ್ನೆಗೆ. ಲೌಡ್‌ನೆಸ್, ಬೇಸ್ ಬೂಸ್ಟ್, ಸರೌಂಡ್ ಎಂದೆಲ್ಲ ಏನಿದೆಯೋ ಎಲ್ಲ ಆಫ್. ಫೋನಿನ ಒಳಗೂ ಒಂದು ಈಕ್ವಲೈಜರ್ ಇರುತ್ತದೆ, ಹಾಡಿನ ಆ್ಯಪ್ ಒಳಗೆ ಇನ್ನೊಂದು. ಮೂರೂ ಕಡೆ "ರಾಕ್" ಇಟ್ಟುಕೊಂಡು ಓಡಾಡುವವರನ್ನು ನೋಡಿದ್ದೇನೆ. ಆ್ಯಪ್‌ನಲ್ಲಿ ಡೇಟಾ ಉಳಿಸುವ ಸೆಟ್ಟಿಂಗ್ ಇದ್ದರೆ ತೆಗೆದು, ಗುಣಮಟ್ಟ ಮೇಲಿನದು ಇಡಿ.

ಬ್ಲೂಟೂತ್ ಮೇಲೆ ಎಲ್ಲರೂ ತಪ್ಪು ಹೊರಿಸುತ್ತಾರೆ. ನನ್ನ ಅನುಭವದಲ್ಲಿ ಅದು ಅಷ್ಟು ದೊಡ್ಡ ಅಪರಾಧಿ ಅಲ್ಲ. ಅದಕ್ಕಿಂತ ವಾಟ್ಸ್ಆ್ಯಪ್‌ನಲ್ಲಿ ನಾಲ್ಕು ಕೈ ದಾಟಿ ಬಂದ ಎಂಪಿ3 ಹಾಡುಗಳು ಕಿವಿಗೆ ಜಾಸ್ತಿ ಹಿಂಸೆ. ಪದೇ ಪದೇ ಕುಗ್ಗಿಸಿದ ಫೈಲ್‌ನಲ್ಲಿ ತಾಳದ ಝಣಝಣ ನೀರಿನಲ್ಲಿ ಅದ್ದಿದ ಗೆಜ್ಜೆಯ ಹಾಗೆ ಕಲಸಿಹೋಗುತ್ತದೆ. ಖಚಿತ ಮಾಡಿಕೊಳ್ಳಲು ಒಂದು ಒಳ್ಳೆಯ ಸಿಡಿಯಿಂದ ತೆಗೆದ ಫೈಲ್ ಅನ್ನು ಪೆನ್‌ಡ್ರೈವ್‌ಗೆ ಹಾಕಿ, ಯುಎಸ್‌ಬಿಯಲ್ಲಿ ಕೇಳಿ. ಅದು ಹಿತವಾಗಿದ್ದು ಬೇರೆಯದು ಚುಚ್ಚಿದರೆ ಸ್ಪೀಕರ್ ಬಿಚ್ಚಬೇಡಿ.

ನಾನು ಪರೀಕ್ಷೆಗೆ ಇಟ್ಟುಕೊಂಡದ್ದು ಎರಡು. ಒಂದು, ವೀಣೆ ಮತ್ತು ಗಂಡುದನಿ ಇರುವ ನಿಧಾನದ ಕಛೇರಿ. ಇನ್ನೊಂದು, ಸ್ಟುಡಿಯೋದಲ್ಲಿ ಮಾಡಿದ ತೆಂಕುತಿಟ್ಟಿನ ಯಕ್ಷಗಾನ ಭಾಗವತಿಕೆ. ಚೆಂಡೆ ಮತ್ತು ಚಕ್ರತಾಳ ಸೆಟ್‌ನ ಬಂಡವಾಳವನ್ನು ಬೇಗ ಬಯಲು ಮಾಡುತ್ತವೆ. ಆದರೆ ಬಯಲಾಟದಲ್ಲಿ ಫೋನ್ ಹಿಡಿದು ರೆಕಾರ್ಡ್ ಮಾಡಿದ್ದನ್ನು ಪರೀಕ್ಷೆಗೆ ಬಳಸಬೇಡಿ. ಚೆಂಡೆಯ ಏಟಿಗೆ ಫೋನಿನ ಮೈಕೇ ಒಡೆದ ದನಿ ಹಿಡಿದಿರುತ್ತದೆ. ಅದನ್ನು ಯಾವ ಸ್ಪೀಕರೂ ಸರಿಮಾಡದು.

ಟವೆಲ್ ಪರೀಕ್ಷೆ

ನನಗೆ ನಿಜವಾಗಿ ದಾರಿ ತೋರಿಸಿದ್ದು ಇದು. ಕಾರು ನಿಲ್ಲಿಸಿ, ಕಿಟಕಿ ಏರಿಸಿ, ಮಾತಾಡಿದಷ್ಟು ಜೋರಿಗೆ ಹಾಡು ಹಚ್ಚಿ. ಬ್ಯಾಲೆನ್ಸ್ ಪೂರ್ತಿ ಬಲಕ್ಕೆ, ಫೇಡರ್ ಪೂರ್ತಿ ಮುಂದಕ್ಕೆ. ಈಗ ಕಾರಿನ ಒಂದೇ ಮೂಲೆ ಹಾಡುತ್ತಿದೆ. ಒಂದು ದಪ್ಪ ಟವೆಲ್ ನಾಲ್ಕು ಮಡಿಕೆ ಮಾಡಿ ಆ ಸ್ಪೀಕರ್ ಮೇಲೆ ಒತ್ತಿ ಹಿಡಿಯಿರಿ. ಟವೆಲ್ ಬೇಸ್ ಅನ್ನು ಹೆಚ್ಚು ತಡೆಯುವುದಿಲ್ಲ, ಟ್ರೆಬಲ್ (ಮೇಲಿನ ತೀಕ್ಷ್ಣ ದನಿ) ಅನ್ನು ನುಂಗುತ್ತದೆ. ಚುಚ್ಚು ನಿಂತರೆ ಅದರ ಮೂಲ ಸಿಕ್ಕಿತು.

ನಾನು ಬಲಬಾಗಿಲಿನ ಹೊಸ ಕೋಆ್ಯಕ್ಸಿಯಲ್ ಸ್ಪೀಕರ್ ಮೇಲೆ ಟವೆಲ್ ಒತ್ತಿದೆ. ಕೋಆ್ಯಕ್ಸಿಯಲ್ ಎಂದರೆ ದೊಡ್ಡ ಕೋನ್‌ನ ನಡುವೆಯೇ ಟ್ವೀಟರ್ ಕೂರಿಸಿರುವಂಥದ್ದು. ಅದನ್ನು ಮುಚ್ಚಿದರೆ ಟ್ರೆಬಲ್ ಹೋಗಬೇಕು ತಾನೇ? ಹೋಗಲಿಲ್ಲ. "ಸ" ಅನ್ನುವುದು ಇನ್ನೂ ಎಲ್ಲಿಂದಲೋ ಬರುತ್ತಲೇ ಇತ್ತು. ಕಿವಿ ಹಿಡಿದು ಹುಡುಕಿದೆ. ಕನ್ನಡಿಯ ಮೂಲೆಯ ಸಣ್ಣ ತ್ರಿಕೋನದ ಪ್ಲಾಸ್ಟಿಕ್! ಅಲ್ಲಿ ಕಾರಿನ ಜೊತೆ ಬಂದ ಹಳೆಯ ಟ್ವೀಟರ್ ಹಾಯಾಗಿ ಹಾಡುತ್ತಿತ್ತು. ಅಂಗಡಿಯವರು ಬಾಗಿಲಿನ ಸ್ಪೀಕರ್ ಮಾತ್ರ ಬದಲಿಸಿದ್ದರು. ಹಳೆಯ ಟ್ವೀಟರ್ ಅದೇ ವೈರಿಗೆ ಜೋಡಿಸಿಕೊಂಡು ಹಾಗೇ ಉಳಿದಿತ್ತು.

ಈ ತಪ್ಪು ತುಂಬಾ ಕಾರುಗಳಲ್ಲಿ ಇದೆ, ಅದಕ್ಕೇ ಇಷ್ಟು ಎಳೆಯುತ್ತಿದ್ದೇನೆ. ಟ್ವೀಟರ್ ಬೇರೆ ಇರುವ ಎಷ್ಟೋ ಕಾರುಗಳಲ್ಲಿ ಅದನ್ನು ಬಾಗಿಲಿನ ಸ್ಪೀಕರ್‌ಗೆ ಸಮಾನಾಂತರವಾಗಿ ಜೋಡಿಸಿ, ಕೆಳಗಿನ ದನಿ ಟ್ವೀಟರ್‌ಗೆ ಹೋಗದಂತೆ ನಡುವೆ ಒಂದು ಸಣ್ಣ ಕೆಪಾಸಿಟರ್ ಇಟ್ಟಿರುತ್ತಾರೆ. ಹಳೆಯ ಬಾಗಿಲಿನ ಸ್ಪೀಕರ್‌ನಲ್ಲಿ ಟ್ವೀಟರ್ ಇರಲಿಲ್ಲ, ಹಾಗಾಗಿ ಲೆಕ್ಕ ಸರಿ ಇತ್ತು. ಅಲ್ಲಿ ಕೋಆ್ಯಕ್ಸಿಯಲ್ ಬಂದ ಮೇಲೆ ಒಂದೊಂದು ಬದಿಗೆ ಎರಡೆರಡು ಟ್ವೀಟರ್. ಟ್ರೆಬಲ್ ಬರೀ ಹೆಚ್ಚಾಗುವುದಿಲ್ಲ, ಹಾಳಾಗುತ್ತದೆ. 4 ಕಿಲೋಹರ್ಟ್ಜ್ ದನಿಯ ಅಲೆ ಸುಮಾರು ಎಂಟೂವರೆ ಸೆಂಟಿಮೀಟರ್ ಉದ್ದ. ಎರಡು ಟ್ವೀಟರ್‌ಗಳು ಕಿವಿಯಿಂದ ಬೇರೆ ಬೇರೆ ದೂರದಲ್ಲಿವೆ. ಅಲೆಗಳು ಕೂಡಿದ ಕಡೆ ದನಿ 6 ಡೆಸಿಬೆಲ್‌ವರೆಗೂ ಏರುತ್ತದೆ, ಎದುರಾದ ಕಡೆ ಕುಸಿಯುತ್ತದೆ. ತಲೆ ನಾಲ್ಕು ಬೆರಳು ಅಲ್ಲಾಡಿದರೆ ಲೆಕ್ಕ ಬದಲು. ಕಿವಿ ದಣಿಯದೆ ಇನ್ನೇನಾದೀತು? ಸಾಲದ್ದಕ್ಕೆ 4 ಓಮ್‌ನ ಎರಡು ಸೇರಿ ಟ್ರೆಬಲ್‌ನಲ್ಲಿ ಸೆಟ್‌ಗೆ 2 ಓಮ್ ಹೊರೆ ಕಾಣಿಸುತ್ತದೆ. ಓಮ್ ಇಳಿದಷ್ಟೂ ಸೆಟ್‌ಗೆ ಭಾರ ಜಾಸ್ತಿ. ಬಹಳಷ್ಟು ಸೆಟ್‌ಗಳು ನಾಲ್ಕಕ್ಕಿಂತ ಕಡಿಮೆಗೆ ಮಾಡಿದವಲ್ಲ.

ಪರಿಹಾರ ಎರಡು ನಿಮಿಷದ್ದು. ಹಳೆಯ ಟ್ವೀಟರ್‌ನ ಕನೆಕ್ಟರ್ ಎಳೆದು, ತುದಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಒಳಗೇ ಕಟ್ಟಿಬಿಡಿ. ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ಟ್ವೀಟರ್ ಮುಂದಿನ ಗಾಜಿನ ಪಕ್ಕದ ಕಂಬದಲ್ಲಿದ್ದು, ಕಾರಿಗೆ ಕರ್ಟನ್ ಏರ್‌ಬ್ಯಾಗ್ ಇದ್ದರೆ ಆ ಕವರ್ ಅನ್ನು ನೀವೇ ಕೀಳಲು ಹೋಗಬೇಡಿ. ಹಳದಿ ಕನೆಕ್ಟರ್ ಕಂಡರೆ ಕೈ ಹಿಂದಕ್ಕೆ. ಅದು ಏರ್‌ಬ್ಯಾಗ್‌ನದು.

ಮುಂದಿನದಕ್ಕೆ ಹೋಗುವ ಮೊದಲು ಕೆಪಾಸಿಟರ್ ವಿಷಯ. ಬೇರೆ ಟ್ವೀಟರ್ ಹಾಕಿಸಿಕೊಂಡವರ ಕಾರಿನಲ್ಲಿ ಅದರ ಮೇಲೆ ಬರೆದ ಅಂಕಿ ನೋಡಿ. 4 ಓಮ್ ಟ್ವೀಟರ್‌ಗೆ 10 ಮೈಕ್ರೋಫ್ಯಾರಡ್ ಇದ್ದರೆ ತಡೆ ಶುರುವಾಗುವುದು ಸುಮಾರು 4 ಕಿಲೋಹರ್ಟ್ಜ್‌ನಲ್ಲಿ. 4.7 ಇದ್ದರೆ ಸುಮಾರು 8.5ರಲ್ಲಿ. ಒಂದೇ ಕೆಪಾಸಿಟರ್‌ನ ತಡೆ ಬಲು ಮೆಲು, ಒಂದು ಆಕ್ಟೇವ್‌ಗೆ (ಹರ್ಟ್ಜ್ ಅರ್ಧಕ್ಕಿಳಿದಾಗಲೆಲ್ಲ) 6 ಡೆಸಿಬೆಲ್ ಮಾತ್ರ. ಸಣ್ಣ ಟ್ವೀಟರ್‌ಗೆ 10 ಹಾಕಿ ಜೋರು ಮಾಡಿದರೆ ಅದು ತನ್ನ ಕೆಲಸವಲ್ಲದ ದನಿಯನ್ನೂ ಹಾಡಲು ಹೋಗಿ ಚೀರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಳ್ಳುವಾಗ ನಾನ್‌ಪೋಲಾರ್ (ಪ್ಲಸ್ ಮೈನಸ್ ಭೇದವಿಲ್ಲದ್ದು) ಎಂದು ಕೇಳಿ ತೆಗೆದುಕೊಳ್ಳಿ. ಟ್ವೀಟರ್ ಬೇರೆಯೇ ಇದ್ದು, ದನಿಯನ್ನು ಅದಕ್ಕೂ ದೊಡ್ಡ ಸ್ಪೀಕರ್‌ಗೂ ಹಂಚುವ ಕ್ರಾಸೋವರ್ ಡಬ್ಬಿ ಇರುವ ಕಾಂಪೊನೆಂಟ್ ಸ್ಪೀಕರ್ ಆದರೆ ಡಬ್ಬಿಯ ಮುಚ್ಚಳ ತೆಗೆಯಿರಿ. ಟ್ವೀಟರ್‌ಗೆ 0, ಮೈನಸ್ 3, ಮೈನಸ್ 6 ಡೆಸಿಬೆಲ್ ಎಂಬ ಜಂಪರ್ (ಜಾಗ ಬದಲಿಸಿ ಹಾಕುವ ಸಣ್ಣ ಕ್ಲಿಪ್) ಇರುವ ಡಬ್ಬಿಗಳುಂಟು. ಇದ್ದರೆ ಮೈನಸ್ 3ಕ್ಕೆ ಹಾಕಿ ಒಂದು ವಾರ ಓಡಿಸಿ ನೋಡಿ. ಅಂಗಡಿಯಲ್ಲಿ ಅದನ್ನು 0ಯಲ್ಲಿ ಬಿಡುವುದು ಯಾಕೆಂದರೆ ಡೆಮೊ ಕೊಡುವಾಗ ಝಗಮಗ ಅಂತ ಕೇಳಿಸಬೇಕಲ್ಲ!

ಉಲ್ಟಾ ತಂತಿ

ಹಳೆಯ ಟ್ವೀಟರ್ ತೆಗೆದ ಮೇಲೆ ಅರ್ಧ ಚುಚ್ಚು ಹೋಯಿತು. ಆದರೆ ದನಿ ತೆಳ್ಳಗೇ ಇತ್ತು. ಮೃದಂಗಕ್ಕೆ ತೂಕವಿಲ್ಲ. ಹಾಡುವವರು ಎದುರು ಕೂತಂತಿರದೆ ತಲೆಯ ಸುತ್ತ ಹರಡಿಕೊಂಡ ಹಾಗಿತ್ತು.

ಎಡ ಬಲ ಸ್ಪೀಕರ್‌ಗಳಲ್ಲಿ ಒಂದರ ಪ್ಲಸ್ ಮೈನಸ್ ಅದಲುಬದಲಾದರೆ ಹೀಗಾಗುತ್ತದೆ. ಒಂದರ ಕೋನ್ ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆಯುತ್ತದೆ. ಬೇಸ್ ಪರಸ್ಪರ ಹೊಡೆದುಹೋಗುತ್ತದೆ, ಟ್ರೆಬಲ್ ಉಳಿಯುತ್ತದೆ. ಬೇಸ್ ಸಾಲದು ಎಂದು ನಾವು ವಾಲ್ಯೂಮ್ ಏರಿಸುತ್ತೇವೆ. ಜೊತೆಗೆ ಟ್ರೆಬಲ್ಲೂ ಏರುತ್ತದೆ. ಅಂದರೆ ಎಷ್ಟೋ ಸಲ ಟ್ರೆಬಲ್ ಜಾಸ್ತಿ ಇರುವುದಿಲ್ಲ, ಅದಕ್ಕೆ ಜೋಡಿಯಾಗಬೇಕಾದ್ದು ಕಾಣೆಯಾಗಿರುತ್ತದೆ.

ಪತ್ತೆ ಮಾಡುವುದು ಸುಲಭ. ಫೇಡರ್ ಮುಂದಕ್ಕಿಟ್ಟು ಬೇಸ್ ಇರುವ ಹಾಡು ಹಚ್ಚಿ. ಬ್ಯಾಲೆನ್ಸ್ ಅನ್ನು ನಡುವಿನಿಂದ ಪೂರ್ತಿ ಒಂದು ಬದಿಗೆ ತಿರುಗಿಸಿ. ಒಂದೇ ಸ್ಪೀಕರ್ ಹಾಡುವಾಗ ಬೇಸ್ ಜಾಸ್ತಿಯಾದರೆ ಒಂದರ ತಂತಿ ಉಲ್ಟಾ. ಯಾವುದು ಎಂದು ತಿಳಿಯಲು ಸೆಟ್‌ನಿಂದ ಸ್ಪೀಕರ್‌ನ ಎರಡೂ ತಂತಿ ಬಿಡಿಸಿ, ಗಡಿಯಾರಕ್ಕೆ ಹಾಕುವ ಒಂದೂವರೆ ವೋಲ್ಟ್ ಸೆಲ್ ಅನ್ನು ಒಂದು ಕ್ಷಣ ಮುಟ್ಟಿಸಿ. ಸೆಲ್‌ನ ಪ್ಲಸ್ ಸ್ಪೀಕರ್‌ನ ಪ್ಲಸ್‌ಗೆ ಸೇರಿದಾಗ ಕೋನ್ ಹೊರಕ್ಕೆ ಹಾರಬೇಕು. ನನ್ನ ಎಡಬಾಗಿಲಿನದು ಟಪ್ ಎಂದು ಒಳಕ್ಕೆ ಹೋಯಿತು. ಸ್ಪೀಕರನ್ನು ಕಾರಿನ ವೈರಿಗೆ ಜೋಡಿಸುವ ಅಡಾಪ್ಟರ್‌ನ ಪಿನ್ ಅದಲುಬದಲಾಗಿತ್ತು. ಬಿಡಿ ಟ್ವೀಟರ್‌ಗೆ ಈ ಸೆಲ್ ಪರೀಕ್ಷೆ ಬೇಡ. ಅದರ ಚಲನೆ ಕಣ್ಣಿಗೆ ಕಾಣುವುದೂ ಇಲ್ಲ.

ತಂತಿ ತಿರುಗಿಸಿ ಹಾಕಿದ ಆ ಗಳಿಗೆ ಚೆನ್ನಾಗಿ ನೆನಪಿದೆ. ವೀಣೆ ಡ್ಯಾಶ್‌ಬೋರ್ಡಿನ ನಡುವೆ ಬಂದು ಕೂತಿತು.

ಜೋರು ಮಾಡಿದಾಗ ಮಾತ್ರ ಒರಟಾದರೆ

ಡಬ್ಬಿಯ ಮೇಲೆ "50 ವ್ಯಾಟ್ × 4" ಎಂದು ಬರೆದಿರುತ್ತದೆ. ನಂಬಬೇಡಿ. ಎಂಜಿನ್ ಓಡುವಾಗ ಕಾರಿನಲ್ಲಿ ಸಿಗುವುದು ಸುಮಾರು 14.4 ವೋಲ್ಟ್. ಅಷ್ಟರಲ್ಲಿ 4 ಓಮ್ ಸ್ಪೀಕರ್‌ಗೆ ಒಡೆಯದ ದನಿಯನ್ನು ಕೊಡಲು ಲೆಕ್ಕದ ಪ್ರಕಾರವೇ 26 ವ್ಯಾಟ್ ಮಿತಿ. ನಿಜದಲ್ಲಿ ಇಪ್ಪತ್ತರ ಆಸುಪಾಸು. ಅದಕ್ಕಿಂತ ಜಾಸ್ತಿ ಕೇಳಿದರೆ ಅಲೆಯ ನೆತ್ತಿ ಕತ್ತರಿಸಿ ಚಪ್ಪಟೆಯಾಗುತ್ತದೆ. ಇದಕ್ಕೇ ಕ್ಲಿಪ್ಪಿಂಗ್ ಅನ್ನುವುದು. ಚಪ್ಪಟೆಯಾದ ಅಲೆಯಿಂದ ಹಾಡಿನಲ್ಲಿ ಇಲ್ಲದ ಮೇಲಿನ ದನಿಗಳು ಹುಟ್ಟುತ್ತವೆ. ಅವೇ ಮರಳು ಉಜ್ಜಿದ ಹಾಗೆ ಕೇಳುವುದು.

ತಮಾಷೆ ಎಂದರೆ, ಈ ಟ್ರೆಬಲ್ ರೋಗದ ಬೇರು ಹೆಚ್ಚಾಗಿ ಬೇಸ್‌ನಲ್ಲಿರುತ್ತದೆ. ಬೇಸ್ ಅನ್ನು 6 ಡೆಸಿಬೆಲ್ ಏರಿಸಿದರೆ ಅಲ್ಲಿಗೆ ನಾಲ್ಕು ಪಟ್ಟು ವ್ಯಾಟ್ ಬೇಕು. ಪಾಪ, ಇಪ್ಪತ್ತು ವ್ಯಾಟ್‌ನ ಸೆಟ್ ಎಲ್ಲಿಂದ ತರುತ್ತದೆ? ಬೇಸ್ ಬೂಸ್ಟ್ ಇಳಿಸಿ. ಸೆಟ್‌ನಲ್ಲಿ ಎಚ್‌ಪಿಎಫ್ (ಇಟ್ಟ ಅಂಕಿಗಿಂತ ಕೆಳಗಿನ ದನಿಯನ್ನು ತಡೆಯುವುದು) ಎಂಬ ಆಯ್ಕೆ ಇದ್ದರೆ ಬಾಗಿಲಿನ ಸ್ಪೀಕರ್‌ಗಳಿಗೆ 63 ಅಥವಾ 80 ಹರ್ಟ್ಜ್ ಇಡಿ. ನನ್ನ ಸೆಟ್‌ನಲ್ಲಿ 40ರವರೆಗೆ ವಾಲ್ಯೂಮ್ ಇದೆ. ಬೇಸ್ ಪ್ಲಸ್ 5 ಇದ್ದಾಗ 24ಕ್ಕೇ ಒರಟಾಗುತ್ತಿತ್ತು. ಫ್ಲಾಟ್ ಮಾಡಿ ಎಚ್‌ಪಿಎಫ್ 80 ಇಟ್ಟ ಮೇಲೆ 31ರವರೆಗೆ ನಯವಾಗಿ ಹೋಗುತ್ತದೆ. ಇದು ನನ್ನ ಮೂರನೆಯ ತಪ್ಪು. ಅಂಗಡಿಯವರದ್ದಲ್ಲ, ನನ್ನದೇ.

ಭಾವನ ಕಾರಿನಲ್ಲಿ ಬೇರೆ ಆಂಪ್ಲಿಫೈಯರ್ ಇದೆ. ಅವರ ಗೇನ್ ತಿರುಪು ಕೊನೆವರೆಗೂ ತಿರುಗಿತ್ತು. "ಪೂರ್ತಿ ಪವರ್ ಬರಲಿ ಅಂತ ನಾನೇ ಹೇಳಿದ್ದು ಮಾರಾಯ" ಎಂದರು. ಗೇನ್ ವಾಲ್ಯೂಮ್ ಅಲ್ಲ. ಸೆಟ್ ಕೊಡುವ ವೋಲ್ಟೇಜ್‌ಗೂ ಆಂಪ್‌ಗೂ ಹೊಂದಿಸುವ ತಿರುಪು. ಸ್ಪೀಕರ್ ತಂತಿ ಬಿಡಿಸಿ, ಸೆಟ್‌ನ ವಾಲ್ಯೂಮ್ ಮುಕ್ಕಾಲಿಗೆ ಇಟ್ಟು, 100 ಹರ್ಟ್ಜ್‌ನ ಟೆಸ್ಟ್ ಟೋನ್ ಹಚ್ಚಿ. ಆಂಪ್‌ನ ಎಚ್‌ಪಿಎಫ್ ಆ ಹೊತ್ತಿಗೆ ಆಫ್ ಇರಲಿ. ಸ್ಪೀಕರ್ ಟರ್ಮಿನಲ್‌ಗೆ ಮಲ್ಟಿಮೀಟರ್ ಎಸಿ ವೋಲ್ಟ್‌ನಲ್ಲಿ ಹಿಡಿಯಿರಿ. ಆಂಪ್ 4 ಓಮ್‌ಗೆ 50 ವ್ಯಾಟ್ ಆರ್‌ಎಂಎಸ್‌ನದಾದರೆ (ಅಂದರೆ ಸತತವಾಗಿ ಕೊಡಬಲ್ಲ ವ್ಯಾಟ್) 14 ವೋಲ್ಟ್ ತೋರುವವರೆಗೆ ಗೇನ್ ಏರಿಸಿ, 75ರದ್ದಾದರೆ 17. ವ್ಯಾಟ್ ಅನ್ನು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆದರೆ ಈ ಅಂಕಿ ಬರುತ್ತದೆ. ಭಾವನ ತಿರುಪು ಅರ್ಧಕ್ಕಿಂತ ಕೆಳಗೆ ಬಂದು ನಿಂತಿತು. ಎಂಜಿನ್ ಏರಿಸಿದ ಹಾಗೆ ಜೊತೆಗೆ ಏರುವ ಕುಂಯ್ ಎಂಬ ಸದ್ದು ಬೇರೆ ರೋಗ. ಅದು ಅರ್ಥಿಂಗ್‌ನದು, ಇಲ್ಲಿ ಬೆರೆಸಬೇಡಿ.

ಗಾಜು, ಬಾಗಿಲು

ಟ್ವೀಟರ್ ಅನ್ನು ಡ್ಯಾಶ್‌ಬೋರ್ಡಿನ ಮೇಲೆ ಗಾಜಿಗೆ ಮುಖ ಮಾಡಿ ಅಂಟಿಸಿದ್ದರೆ ನೇರ ದನಿಯ ಹಿಂದೆಯೇ ಗಾಜಿಗೆ ಬಡಿದ ದನಿಯೂ ಬರುತ್ತದೆ. ನೇರವಾಗಿ ನಿಮ್ಮ ಕಿವಿಗೆ ಗುರಿಯಿಟ್ಟರೂ ಕಷ್ಟ. ನಮ್ಮ ಕಾರುಗಳಲ್ಲಿ ಚಾಲಕ ಬಲಕ್ಕೆ ಕೂರುವುದರಿಂದ ಬಲಗಡೆಯದು ಮುಕ್ಕಾಲು ಮೀಟರ್ ಒಳಗೇ ಇರುತ್ತದೆ. ಟ್ವೀಟರ್‌ಗಳನ್ನು ಒಳಗನ್ನಡಿಯ ಕಡೆಗೆ, ಇಬ್ಬರ ತಲೆಯ ನಡುವೆ ಹಾಯುವಂತೆ ತಿರುಗಿಸಿ. ಅಂಟಿಸುವ ಮೊದಲು ಡಬಲ್ ಟೇಪ್‌ನಲ್ಲಿ ಒಂದು ವಾರ ಬಿಟ್ಟು ನೋಡಿ. ಸೆಟ್‌ನಲ್ಲಿ ಟೈಮ್ ಅಲೈನ್‌ಮೆಂಟ್ ಇದ್ದರೆ ಹತ್ತಿರದ ಬಲಬದಿಯನ್ನು ತಡಮಾಡಿಸಿ. ದನಿ ಒಂದು ಮಿಲಿಸೆಕೆಂಡ್‌ಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ. ಟೇಪು ಹಿಡಿದು ಅಳೆಯಿರಿ.

ಬಾಗಿಲಿನಲ್ಲಿ ಸ್ಪೀಕರ್ ಸುತ್ತ ಸಂದು ಇದ್ದರೆ ಹಿಂದಿನ ಗಾಳಿ ಮುಂದಕ್ಕೆ ಸೋರಿ ಬೇಸ್ ಸಾಯುತ್ತದೆ. ಮತ್ತೆ ಅದೇ ತೆಳ್ಳಗಿನ ದನಿ. ಫೋಮ್ ಪಟ್ಟಿ ಸಾಕು. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ರಿಂಗ್ ಹಾಕಿಸಬೇಡಿ. ಕರಾವಳಿಯ ಒಂದು ಮಳೆಗಾಲಕ್ಕೆ ಅದು ಊದಿಕೊಂಡು ರಸ್ಕಿನ ಹಾಗಾಗುತ್ತದೆ. ಪ್ಲಾಸ್ಟಿಕ್ ರಿಂಗ್ ಕೇಳಿ.

ಈಕ್ವಲೈಜರ್ ಕೊನೆಗೆ

ಇಷ್ಟಾದ ಮೇಲೂ ಚೂರು ಉಳಿದಿದ್ದರೆ ಮಾತ್ರ ಇದನ್ನು ಮುಟ್ಟಿ. ವಾಲ್ಯೂಮ್ ಕಡಿಮೆ ಇಟ್ಟು 2, 3.15, 5, 8 ಕಿಲೋಹರ್ಟ್ಜ್ ಪಟ್ಟಿಗಳನ್ನು ಒಂದೊಂದಾಗಿ 4 ಡೆಸಿಬೆಲ್ ಏರಿಸಿ ಕೇಳಿ. ನಿಮ್ಮ ಸೆಟ್‌ನಲ್ಲಿ ಅಂಕಿ ಸ್ವಲ್ಪ ಬೇರೆ ಇರಬಹುದು, ಪರವಾಗಿಲ್ಲ. ಯಾವುದನ್ನು ಏರಿಸಿದಾಗ ಮುಖ ಹಿಂಡಿಕೊಳ್ಳುತ್ತೀರೋ ಅದನ್ನು ಈಗ 2 ಅಥವಾ 3 ಕೆಳಗಿಳಿಸಿ. ಮಾತು ಮತ್ತು ವಯಲಿನ್ ಕಿರುಚಿದರೆ 3ರ ಕಡೆ, "ಸ" "ಶ" ಮಾತ್ರ ಸಿಡಿದರೆ 6ರಿಂದ 8ರ ಕಡೆ. ಟ್ರೆಬಲ್ ಗುಂಡಿಯನ್ನೇ ಇಳಿಸಿದರೆ ಗೆಜ್ಜೆಯೂ ಸತ್ತುಹೋಗುತ್ತದೆ, ಚುಚ್ಚು ಅಲ್ಲೇ ಇರುತ್ತದೆ. ಈ ಕೆಲಸ ಬೆಳಿಗ್ಗೆ ಮಾಡಿ, ಇಪ್ಪತ್ತು ನಿಮಿಷಕ್ಕೆ ನಿಲ್ಲಿಸಿ. ದಣಿದ ಕಿವಿ ಹೇಳುವುದೆಲ್ಲ ಸುಳ್ಳು.

ನನ್ನ ಕಾರಿನಲ್ಲಿ 3.15ಕ್ಕೆ ಮೈನಸ್ 3, 8ಕ್ಕೆ ಮೈನಸ್ 1. ಅಷ್ಟೇ. ಮುಂದಿನ ಸಲ ಊರಿಗೆ ಹೋಗುವಾಗ ಶಿರಾಡಿ ಘಾಟಿಯ ಕಾಂಕ್ರೀಟ್ ರಸ್ತೆಯಲ್ಲಿ ಟೈರಿನ ಗುಂಯ್‌ಗೆ ವಾಲ್ಯೂಮ್ 27 ಮಾಡಿದ್ದೆ. ಹಿಂದಿನ ಸೀಟಿನಿಂದ ದೂರು ಬರಲಿಲ್ಲ. ಬಂದದ್ದು ಇಷ್ಟೇ, "ಈ ಪದ್ಯ ಇನ್ನೊಂದು ಸಲ ಹಾಕು."

ಆಮೇಲೆ ಸರ್ವಿಸ್‌ಗೆ ಬಿಟ್ಟಾಗ ಬ್ಯಾಟರಿ ಬಿಚ್ಚಿದರು. ಸೆಟ್ ಎಲ್ಲವನ್ನೂ ಮರೆತು, ಲೌಡ್‌ನೆಸ್ ಆನ್ ಮಾಡಿಕೊಂಡು ವಾಪಸ್ ಬಂತು. ಈಗ ಅಂಕಿಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಇನ್ಶೂರೆನ್ಸ್ ಪೇಪರಿನ ಜೊತೆ ಇಟ್ಟಿದ್ದೇನೆ.